ಕೋಳಿಗೂಡಿನ ಚರಿತ್ರೆ

ಅಜ್ಜಿಯ ಕೋಳಿಯ ಕಥೆಯನ್ನು ಕೇಳದ ಕನ್ನಡಿಗರು ವಿರಳ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು, ತನ್ನ ಮನೆಯ ಬೆಂಕಿಯಿಲ್ಲದಿದ್ದರೆ ಊರವರ ಒಲೆ ಹೊತ್ತದು ಎಂದು ನಂಬಿದ ಮುದುಕಿ, ಊರವರ ಮೇಲೆ ಮುನಿದು, ಕೋಳಿಯನ್ನು ಕಂಕುಳಲ್ಲಿರುಕಿಕೊಂಡು ಕಾಡು ಸೇರಿದಳು. ಆಕೆಯ ಜಂಬವನ್ನು ನೆನೆದು ನಾವೆಲ್ಲ ನಗುತ್ತ ಬಂದಿದ್ದೇವೆ. ಆದರೆ ಆ ಕಾಡಿನಲ್ಲಿ ಮೊದಲ ರಾತ್ರಿ ಆ ಕೋಳಿ ಎಲ್ಲಿ ಮಲಗಿತು, ಮಾರನೆಯ ಬೆಳಗ್ಗೆ ಅದು ಇನ್ನೂ ಜೀವದಿಂದ ಇತ್ತೆ ಎಂದು ಯಾರೂ ಕೇಳಿದಂತಿಲ್ಲ. ಮೂವತ್ತು ಚಿಲ್ಲರೆ ವರ್ಷ ಕನ್ನಡ ಪಾಠ ಹೇಳಿದ ನಾನೂ ಕೇಳಿರಲಿಲ್ಲ. ನಿವೃತ್ತನಾದ ಮೇಲೆ ಕೇಳಲೇಬೇಕಾದ ಪ್ರಸಂಗ ಬಂತು.

ಊರಿನ ಅಂಚಿನಲ್ಲಿ ಮನೆ ಕಟ್ಟಿಕೊಂಡು, ಹಿತ್ತಿಲಿನಲ್ಲಿ ಎಂಟು ಹೇಂಟೆಗಳನ್ನೂ ಒಂದು ಹುಂಜವನ್ನೂ ಸಾಕಿದೆ. ಗೂಡನ್ನು ನಾನೇ ಮುಂದೆ ನಿಂತು ಕಟ್ಟಿಸಿದ್ದು. ನಾಲ್ಕು ಮರದ ಕಂಬ, ಮೇಲೊಂದು ತಗಡು, ಸುತ್ತಲೂ ಆರು ಮೂಲೆಯ ಕಣ್ಣುಗಳುಳ್ಳ ತೆಳುವಾದ ತಂತಿಬಲೆ, ಚಿಲಕದ ಬಾಗಿಲು. ನೋಡುವುದಕ್ಕೆ ಅಂದವಾಗಿತ್ತು, ಮನೆಗೆ ಬಂದವರನ್ನೆಲ್ಲ ಹಿತ್ತಿಲಿಗೆ ಕರೆದೊಯ್ದು ತೋರಿಸುತ್ತಿದ್ದೆ. ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಹಿರಿಯ ಹೆಂಗಸು, ಹಳ್ಳಿಯಲ್ಲಿ ಹುಟ್ಟಿ ಬೆಳೆದಾಕೆ, ಅದನ್ನು ಒಂದು ಸುತ್ತು ನೋಡಿ, "ಇದು ಕೋಳಿ ಆಚೆಗೆ ಹೋಗ್ದಂಗೆ ಕಟ್ಟಿರೋದು ಮೇಷ್ಟ್ರೇ. ಬೆಕ್ಕು ಒಳಕ್ಕೆ ಬರ್ದಂಗೆ ಕಟ್ಟೋದು ಯಾವಾಗ?" ಎಂದಳು. ನಾನು ನಕ್ಕು ಸುಮ್ಮನಾದೆ. ಮಳೆ ಹಿಡಿದ ಒಂದು ರಾತ್ರಿ ಆಕೆಯ ಪ್ರಶ್ನೆಗೆ ಉತ್ತರ ಬಂತು. ಬೆಳಗ್ಗೆ ಹೋಗಿ ನೋಡಿದರೆ ಒಂಬತ್ತೂ ಸತ್ತು ಬಿದ್ದಿದ್ದುವು. ತಿಂದಿದ್ದುದು ಒಂದನ್ನು, ಅದನ್ನೂ ಪೂರ್ತಿಯಾಗಿ ಅಲ್ಲ. ಒಂದು ಮೂಲೆಯಲ್ಲಿ ನೆಲ ಕೆದರಿ, ಬಲೆಯ ಅಂಚನ್ನು ಮೇಲಕ್ಕೆತ್ತಿ ನುಗ್ಗಿದ ಗುರುತಿತ್ತು. ಕಾಡುಬೆಕ್ಕೆಂದು ಕೆಲವರು ಹೇಳಿದರು, ಪುನುಗುಬೆಕ್ಕೆಂದು ಕೆಲವರು. ಯಾವುದಾದರೇನು? ಒಂದರಿಂದ ಹೊಟ್ಟೆ ತುಂಬುವ ಪ್ರಾಣಿ ಒಂಬತ್ತನ್ನು ಏಕೆ ಕೊಂದಿತು ಎಂಬುದೇ ನನ್ನನ್ನು ಕಾಡಿತು. ನಮ್ಮಜ್ಜಿ ಒಂದು ಹಳೆಯ ಮಂಕರಿಯ ಕೆಳಗೆ ವರ್ಷಗಟ್ಟಲೆ ಕಾಪಾಡಿದ ಜೀವಗಳನ್ನು ನಾನು ಇಷ್ಟು ತಂತಿ ಸುತ್ತಿಯೂ ಒಂದು ಮಳೆಗಾಲ ಕಾಪಾಡಲಾರದೆ ಹೋದೆನಲ್ಲ ಎಂಬ ನಾಚಿಕೆ ಬೇರೆ. ಪುಸ್ತಕದ ನಡುವೆ ಬಾಳಿದವನು ಪುಸ್ತಕವನ್ನಲ್ಲದೆ ಇನ್ನೇನನ್ನು ಹುಡುಕಿಯಾನು? ಕೋಳಿಯ ಮನೆಗೂ ಒಂದು ಚರಿತ್ರೆ ಇದೆಯೆಂಬುದು ಆಗ ತಿಳಿಯಿತು.

ಕೋಳಿಯ ಮೊದಲ ಗೂಡು ಮರದ ಕೊಂಬೆ. ನಮ್ಮ ನಾಟಿ ಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ. ಹಗಲೆಲ್ಲ ನೆಲದ ಮೇಲೆ ಕೆದರಿ ತಿಂದು, ಹೊತ್ತು ಮುಳುಗುತ್ತಲೇ ಮರವೇರಿ ಕುಳಿತುಬಿಡುವುದು ಅದರ ಸ್ವಭಾವ. ಅದಕ್ಕೆ ಮಬ್ಬಿನಲ್ಲಿ ಕಣ್ಣು ಮಂದ. ಕತ್ತಲೆಯಲ್ಲಿ ಓಡಲಾರದು, ಹೋರಾಡಲಾರದು. ಎತ್ತರವೊಂದೇ ಅದರ ಕೋಟೆ. 863 ಕೋಳಿಗಳ ವಂಶವಾಹಿಗಳನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಾಕುಕೋಳಿಯ ತವರು ಚೀನಾದ ನೈಋತ್ಯ ಭಾಗ, ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್‌ಗಳ ಸೀಮೆಯೆಂದು ಹೇಳಿತು. 2022ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯಂತೆ, ಖಚಿತವಾಗಿ ಸಾಕಿದ ಕೋಳಿಯದೆನ್ನಬಹುದಾದ ಅತ್ಯಂತ ಹಳೆಯ ಮೂಳೆಗಳು ದೊರೆತದ್ದು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ, ಕಾಲ ಕ್ರಿ. ಪೂ. 1650ರಿಂದ 1250ರ ನಡುವೆ. ಬತ್ತ, ನವಣೆಗಳ ಬೇಸಾಯ ಕಾಡಿನ ಅಂಚಿಗೆ ಬಂದಾಗ, ಚೆಲ್ಲಿದ ಕಾಳಿನ ಆಸೆಗೆ ಈ ಹಕ್ಕಿ ಮರ ಬಿಟ್ಟು ಮನುಷ್ಯನ ಅಂಗಳಕ್ಕೆ ಇಳಿಯಿತೆಂದು ಆ ವಿದ್ವಾಂಸರ ಊಹೆ. ಇದರಲ್ಲಿ ನಮ್ಮ ಪಶ್ಚಿಮಘಟ್ಟಗಳ ಪಾಲೂ ಸ್ವಲ್ಪ ಉಂಟು. ಸಾಕುಕೋಳಿಯ ಚರ್ಮಕ್ಕೂ ಕಾಲಿಗೂ ಹಳದಿ ಬಣ್ಣ ಕೊಡುವ ಅಂಶ ಬಂದದ್ದು ನಮ್ಮ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತೋರಿಸಿದ್ದಾರೆ. ತಮಿಳು, ಮಲೆಯಾಳ, ತುಳುಗಳಲ್ಲೆಲ್ಲ ಒಂದೇ ಬೇರಿನಿಂದ ಒಡೆದಿರುವ 'ಕೋಳಿ' ಎಂಬ ಪದವೂ ಈ ನೆಲದ್ದೇ. ಹಳಗನ್ನಡದವರು ಅದನ್ನು ಱಳದಿಂದ ಬರೆಯುತ್ತಿದ್ದರು.

ಹೀಗೆ ಅಂಗಳಕ್ಕೆ ಇಳಿದ ಹಕ್ಕಿಯನ್ನು ಮನುಷ್ಯ ಕ್ರಮೇಣ ದಪ್ಪ ಮಾಡಿದ, ಹಾರಲಾರದಂತೆ ಮಾಡಿದ. ಅದರ ಕೋಟೆಯನ್ನು ಕಿತ್ತುಕೊಂಡ ಮೇಲೆ ಬೇರೊಂದು ಕೋಟೆಯನ್ನು ಕೊಡುವ ಹೊಣೆ ಅವನ ಮೇಲೆ ಬಿತ್ತು. ಆ ಹೊಣೆಯನ್ನು ಬರಹದಲ್ಲಿ ಒಪ್ಪಿಕೊಂಡವರು, ನಾನು ಕಂಡಮಟ್ಟಿಗೆ, ರೋಮನ್ನರಷ್ಟು ಬೇರಾರೂ ಇಲ್ಲ.

ವಾರೋ ಎಂಬ ಮಹಾಪಂಡಿತ ಕ್ರಿ. ಪೂ. 37ರ ಸುಮಾರಿನಲ್ಲಿ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ಕೃಷಿಯನ್ನು ಕುರಿತು ಮೂರು ಪುಸ್ತಕಗಳನ್ನು ಬರೆದ. ಮೂರನೆಯದರಲ್ಲಿ ಇನ್ನೂರು ಕೋಳಿಗಳಿಗೆ ಮನೆ ಕಟ್ಟುವ ಕ್ರಮ ಬರುತ್ತದೆ. ಪೂರ್ವಕ್ಕೆ ಮುಖಮಾಡಿದ, ಒಂದಕ್ಕೊಂದು ಅಂಟಿದ ಎರಡು ಕೋಣೆ. ಒಂದೊಂದೂ ಸುಮಾರು ಹತ್ತಡಿ ಉದ್ದ, ಐದಡಿ ಅಗಲ. ಮೂರಡಿ ಅಗಲದ ಕಿಟಕಿಗೆ ಬಳ್ಳಿಯ ಹೆಣಿಗೆ. ಆ ಹೆಣಿಗೆಯ ಬಗೆಗೆ ಆತ ಹೇಳುವ ಮಾತು ಗಮನಾರ್ಹ: ಬೆಳಕು ಧಾರಾಳವಾಗಿ ಬರಬೇಕು, ಕೋಳಿಗೆ ಕೇಡು ಮಾಡುವ ಯಾವುದೂ ತೂರಿ ಬರಬಾರದು. ಎರಡು ಸಾವಿರ ವರ್ಷಗಳಿಂದ ಕೋಳಿಗೂಡು ಕಟ್ಟುವವರ ಸಮಸ್ಯೆ ಇದೊಂದೇ. ಮುಚ್ಚಿದರೆ ಉಸಿರು ಕಟ್ಟುತ್ತದೆ, ತೆರೆದರೆ ಶತ್ರು ಬರುತ್ತದೆ. ವಾರೋ ಇನ್ನೊಂದು ಕೋಣೆಯನ್ನೂ ಹೇಳುತ್ತಾನೆ. ಅದು ಕೋಳಿ ಕಾಯುವವನಿಗೆ. ಅವನು ಅಲ್ಲಿಯೇ ವಾಸವಾಗಿರಬೇಕು, ಆ ಕೋಣೆಯ ಗೋಡೆಯಲ್ಲೂ ಸುತ್ತ ಕೋಳಿಗಳ ಗೂಡುಗಳಿರಬೇಕು. ಇನ್ನೂರು ಕೋಳಿಗಳ ನಡುವೆ ಮಲಗುವ ಆ ಮನುಷ್ಯನ ನಿದ್ದೆ ಹೇಗಿತ್ತೋ! ಅಷ್ಟು ದೊಡ್ಡ ಪಂಡಿತ, ಬೀಗವನ್ನು ನೆಚ್ಚದೆ ಒಬ್ಬ ಮನುಷ್ಯನ ಕಿವಿಯನ್ನು ನೆಚ್ಚಿದ್ದಾನೆ.

ಅವನಿಗೆ ಒಂದು ಶತಮಾನದ ಈಚಿನವನು ಕೊಲುಮೆಲ್ಲಾ. ಸ್ಪೇನಿನ ಗಾದೆಸ್, ಎಂದರೆ ಈಗಿನ ಕಾದಿಜ್, ಎಂಬ ಊರಿನಲ್ಲಿ ಹುಟ್ಟಿದವನು. ಹನ್ನೆರಡು ಪುಸ್ತಕಗಳ ಕೃಷಿಗ್ರಂಥವನ್ನು ಬರೆದವನು. ಎಂಟನೆಯ ಪುಸ್ತಕದಲ್ಲಿ ಕೋಳಿಮನೆಯ ವಿವರವಿದೆ. ಓದುತ್ತ ಹೋದಂತೆ, ಈತ ಒಂದು ಬೆಳಗ್ಗೆಯಾದರೂ ಸತ್ತ ಕೋಳಿಗಳನ್ನು ಎಣಿಸಿದವನೇ ಇರಬೇಕು ಎನ್ನಿಸಿತು. ಕೋಳಿಮನೆ ಚಳಿಗಾಲದ ಸೂರ್ಯೋದಯದ ದಿಕ್ಕಿಗಿರಲಿ. ಅಡಿಗೆಮನೆಗೋ ಒಲೆಗೋ ತಾಗಿಕೊಂಡಿರಲಿ, ಹೊಗೆ ಕೋಳಿಗೆ ಬಹಳ ಹಿತ ಎನ್ನುತ್ತಾನೆ. ಗೋಡೆ ದಪ್ಪವಾಗಿರಬೇಕು, ಮೊಟ್ಟೆಯಿಡುವ ಗೂಡುಗಳನ್ನು ಅದರಲ್ಲಿಯೇ ಕೊರೆಯಬೇಕು. ಗೋಡೆಗೆ ಒಳಗೂ ಹೊರಗೂ ನುಣ್ಣಗೆ ಗಾರೆ ಬಳಿಯಬೇಕು. ಏಕೆಂದರೆ ನುಣ್ಣನೆಯ ಗೋಡೆಯನ್ನು ಬೆಕ್ಕೂ ಹಾವೂ ಹತ್ತಲಾರವು! ಬೆಳಗ್ಗೆ ಕೋಳಿ ಹೊರಬೀಳುವ, ಸಂಜೆ ಒಳಸೇರುವ ಸಣ್ಣ ಕಿಂಡಿಗಳು ಬೇರೆ, ಬೆಳಕಿನ ಜಾಲಂಧ್ರಗಳು ಬೇರೆ. ಕಿಂಡಿಗಳನ್ನು ರಾತ್ರಿ ಮುಚ್ಚಲೇಬೇಕು. ಜಾಲಂಧ್ರಗಳಿಗೆ ಸರಳು ಹಾಕಬೇಕು. ಕೂರುವ ಅಡ್ಡಗಳುಗಳನ್ನು ಚೌಕವಾಗಿ ಕೆತ್ತಬೇಕು, ದುಂಡಾಗಿದ್ದರೆ ಕಾಲು ಜಾರುತ್ತದೆ. ಹೀಗೆ ಒಂದೊಂದು ವಿವರದ ಹಿಂದೆಯೂ ಒಂದೊಂದು ಪೆಟ್ಟು ತಿಂದ ಅನುಭವವಿದೆ. ಹಾಗೆಂದು ಎಲ್ಲವನ್ನೂ ನಂಬಬೇಕಾಗಿಲ್ಲ. ಹಾವಿನ ಉಸಿರು ತಾಗಿದರೆ ಮರಿಗಳೆಲ್ಲ ಸಾಯುತ್ತವೆಂದೂ, ಜಿಂಕೆಯ ಕೊಂಬನ್ನೋ ಹೆಂಗಸರ ಕೂದಲನ್ನೋ ಸುಟ್ಟು ಹೊಗೆ ಹಾಕಬೇಕೆಂದೂ ಅದೇ ಪುಸ್ತಕದಲ್ಲಿದೆ. ನಮ್ಮ ಹಳ್ಳಿಯ ಯಾವ ಮುದುಕಿ ಓದಿದರೂ ಇಷ್ಟಕ್ಕೆ ಆಶ್ಚರ್ಯಪಡುವುದಿಲ್ಲ.

ರೋಮನ್ನರ ಗಾರೆಗೋಡೆ ಸಿರಿವಂತರ ತೋಟಗಳಿಗೆ ಸಂದ ಮಾತು. ಬಡವರ ಕೋಳಿ ಎಲ್ಲಿತ್ತು? ಇದಕ್ಕೆ ನನಗೆ ಸಾಕ್ಷ್ಯ ಸಿಕ್ಕಿದ್ದು ಕಾವ್ಯದಲ್ಲಿ. ಹದಿನಾಲ್ಕನೆಯ ಶತಮಾನದ ಕೊನೆಯ ಇಂಗ್ಲಿಷ್ ಕವಿ ಚಾಸರ್ ಹೇಳುವ ಹುಂಜದ ಕಥೆಯಲ್ಲಿ ಒಬ್ಬ ಬಡ ವಿಧವೆಯಿದ್ದಾಳೆ. ಆಕೆಯ ಅಂಗಳದ ಸುತ್ತ ಕಡ್ಡಿಗಳ ಬೇಲಿ, ಬೇಲಿಯ ಆಚೆ ಒಣ ಕಂದಕ. ಹುಂಜವೂ ಅದರ ಏಳು ಹೇಂಟೆಗಳೂ ರಾತ್ರಿ ಮಲಗುವುದು ಆಕೆಯ ಮನೆಯೊಳಗೇ, ಪಡಸಾಲೆಯ ಅಡ್ಡಗಳುವಿನ ಮೇಲೆ. ಒಂದು ರಾತ್ರಿ ನರಿ ಬೇಲಿ ತೂರಿ ಬಂದರೂ ರಾತ್ರಿಯಲ್ಲಿ ಏನೂ ಮಾಡಲಾರದೆ ಸೊಪ್ಪಿನ ಮಡಿಯಲ್ಲಿ ಅಡಗಿ ಕುಳಿತುಕೊಳ್ಳಬೇಕಾಗುತ್ತದೆ. ಬೆಳಗಾದ ಮೇಲೆ, ನಿನ್ನ ತಂದೆ ಕಣ್ಣು ಮುಚ್ಚಿಕೊಂಡು ಎಷ್ಟು ಸೊಗಸಾಗಿ ಕೂಗುತ್ತಿದ್ದ ಎಂದು ಹೊಗಳಿ, ಹುಂಜ ಹಾಗೆಯೇ ಕಣ್ಣು ಮುಚ್ಚಿ ಕೂಗುವಾಗ ಅದರ ಕೊರಳು ಹಿಡಿಯುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಜನ್ನ. 1209ರ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯೂ ಕತ್ತಿಯೇಟಿಗೆ ಕೂಗಿಕೊಳ್ಳುತ್ತದೆ. ಮುಂದೆ ಆ ತಾಯಿಮಕ್ಕಳು ಜನ್ಮಾಂತರದಲ್ಲಿ ನಿಜವಾದ ಕೋಳಿಗಳಾಗಿ ಹುಟ್ಟಿದಾಗ, ಅವು ಕೂಗಿದ ದನಿಯನ್ನೇ ಗುರಿಮಾಡಿ ರಾಜ ಶಬ್ದವೇಧಿ ಬಾಣ ಬಿಡುತ್ತಾನೆ. ಕೋಳಿಯನ್ನು ಹಿಡಿದುಕೊಡುವುದು ಅದರ ದನಿ ಎಂಬುದನ್ನು, ಒಬ್ಬರನ್ನೊಬ್ಬರು ಕೇಳಿಯೂ ಅರಿಯದ ಇಬ್ಬರು ಕವಿಗಳೂ ಕಂಡಿದ್ದರು. ಊರಿನ ನಡುವೆ ಸಮಯಸೂಚಕವಾದ ಕೂಗು ಕಾಡಿನ ಅಂಚಿನಲ್ಲಿ ವಿಳಾಸವಾಗುತ್ತದೆ.

ವಿಧವೆಯ ಪಡಸಾಲೆ ಓದುತ್ತಿದ್ದಂತೆ ಹಾಸನದ ಸೀಮೆಯ ನಮ್ಮ ಹಳ್ಳಿಯ ಮನೆ ಕಣ್ಣಿಗೆ ಕಟ್ಟಿತು. ಮಲೆನಾಡಿನಲ್ಲಾದರೆ ಕೋಳಿಗೆ ಬೇರೆಯೇ ಒಡ್ಡಿ ಇರುತ್ತದೆ. ನಮ್ಮಲ್ಲಿದ್ದದ್ದು ಬಿದಿರಿನ ಮಂಕರಿ, ಅದರ ಮೇಲೊಂದು ಗುಂಡುಕಲ್ಲು, ಇಷ್ಟೆ. ಹೊತ್ತು ಇಳಿಯುತ್ತಲೇ ಅಜ್ಜಿ ಒಂದು ಹಿಡಿ ನುಚ್ಚು ಚೆಲ್ಲಿ ಕೋಳಿಗಳನ್ನು ಕರೆಯುವಳು. ಒಂದೊಂದನ್ನೂ ಎಣಿಸಿ, ಅಡಿಗೆಮನೆಯ ಗೋಡೆಗೆ ತಾಗಿದ ಒಳಮೂಲೆಯಲ್ಲಿ ಮಂಕರಿ ಕವುಚುವಳು. ಮರಿಯಿರುವ ಹೇಂಟೆಗೆ ಬೇರೆ ಬುಟ್ಟಿ. ರಾತ್ರಿ ಕೋಳಿಗಳು ಸ್ವಲ್ಪ ಕೊರಗುಟ್ಟಿದರೂ ಸಾಕು, ಬುಡ್ಡಿ ದೀಪ ಹಿಡಿದು ಎದ್ದುಬರುವಳು. ಮನೆಯೆಲ್ಲ ವಾಸನೆ ಎಂದು ನಾವು ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಆ ಮಂಕರಿಯನ್ನು ಬೆಕ್ಕು ಮನಸ್ಸು ಮಾಡಿದ್ದರೆ ಉರುಳಿಸಬಹುದಾಗಿತ್ತು; ಆದರೆ ಅದಕ್ಕೂ ಮುಂಚೆ ಮನೆಯ ಗೋಡೆ, ಮನೆಯ ಬಾಗಿಲು, ಒಲೆಯ ಹೊಗೆ, ಕೊನೆಗೆ ಅಜ್ಜಿಯ ಎಚ್ಚರ ಇವೆಲ್ಲವನ್ನೂ ದಾಟಿ ಬರಬೇಕಾಗಿತ್ತು. ಕೊಲುಮೆಲ್ಲಾನ ಒಲೆಯೂ ವಾರೋನ ಕಾವಲುಗಾರನೂ ನಮ್ಮ ಮನೆಯಲ್ಲೇ ಇದ್ದರು, ನಾನು ಗುರುತಿಸಿರಲಿಲ್ಲ.

ಅಜ್ಜಿಗೆ ಅಷ್ಟು ಕಾಳಜಿ ಏಕೆ ಎಂಬುದನ್ನೂ ಹೇಳಬೇಕು. ಹೊಲ ತಾತನದು, ಎತ್ತು ತಾತನದು, ಬೆಳೆದ ರಾಗಿಯ ಲೆಕ್ಕ ತಾತನದು. ಕೋಳಿ ಮಾತ್ರ ಅಜ್ಜಿಯದು. ಮೊಟ್ಟೆ ಮಾರಿದ ಕಾಸು, ಹುಂಜ ಮಾರಿದ ರೂಪಾಯಿ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದೆ ಆಕೆಯ ಸೆರಗಿನ ಗಂಟಿಗೆ ಸೇರುತ್ತಿತ್ತು. ನಾನು ಹೈಸ್ಕೂಲಿಗೆ ಸೇರಿದ ವರ್ಷ ಪುಸ್ತಕ ಕೊಂಡದ್ದು ಎರಡು ಹುಂಜಗಳ ಹಣದಿಂದ. ಹಳ್ಳಿಯ ಮನೆಗಳಲ್ಲಿ ರಾತ್ರಿ ಒಂದು ಬೆಕ್ಕು ಒಳಬಂದರೆ ಬೆಳಗ್ಗೆ ಬರಿದಾಗುತ್ತಿದ್ದುದು ಹೆಂಗಸೊಬ್ಬಳ ಇಡೀ ವರ್ಷದ ಉಳಿತಾಯ.

ಹಾಗಾದರೆ ಕೋಳಿ ಮನೆಯಿಂದ ದೂರ ಹೋಗಿ, ತಂತಿಯ ಹಿಂದೆ ಸೇರಿದ್ದು ಯಾವಾಗ? ಇಂಗ್ಲೆಂಡಿನ ನಾರ್ವಿಚ್ ಬಟ್ಟೆ ನೇಯ್ಗೆಗೆ ಹೆಸರಾದ ಪಟ್ಟಣ. ಅಲ್ಲಿಯ ಕಬ್ಬಿಣದ ವ್ಯಾಪಾರಿ ಚಾರ್ಲ್ಸ್ ಬಾರ್ನರ್ಡ್ 1844ರಲ್ಲಿ, ಮಗ್ಗದ ಮಾದರಿಯಲ್ಲಿಯೇ ತಂತಿಯನ್ನು ನೇಯುವ ಯಂತ್ರವೊಂದನ್ನು ರೂಪಿಸಿದ. ಆರು ಮೂಲೆಯ ಕಣ್ಣಿನ ತಂತಿಬಲೆ ಹುಟ್ಟಿದ್ದು ಹೀಗೆ. ಕಾಲವೂ ಅದಕ್ಕೆ ಅನುಕೂಲವಾಗಿತ್ತು. ಚೀನಾದಿಂದ ಬಂದ ದೈತ್ಯಗಾತ್ರದ ಕೋಳಿಗಳನ್ನು ಕಂಡು ಇಂಗ್ಲೆಂಡ್, ಅಮೆರಿಕಗಳಿಗೆ ಹುಚ್ಚೇ ಹಿಡಿಯಿತು. 1849ರಲ್ಲಿ ಬಾಸ್ಟನ್ನಿನಲ್ಲಿ ಕೋಳಿಗಳ ಪ್ರದರ್ಶನ ನಡೆಯಿತು. ಆ ವ್ಯಾಪಾರದಲ್ಲಿ ತಾನೇ ಮುಳುಗಿದ್ದ ಬರ್ನ್‌ಹ್ಯಾಮ್ ಎಂಬಾತ 1855ರಲ್ಲಿ 'ಕೋಳಿಜ್ವರ'ದ ಇತಿಹಾಸವನ್ನೇ ಬರೆದ. ನಮ್ಮ ಬ್ರಹ್ಮಪುತ್ರಾ ನದಿಯ ಹೆಸರು ಮೊಟಕಾಗಿ 'ಬ್ರಹ್ಮಾ' ಎಂಬ ಕೋಳಿತಳಿಯಾದದ್ದೂ ಆ ಗದ್ದಲದಲ್ಲಿಯೇ. ಕೋಳಿ ಸಾಕುವುದು ಹವ್ಯಾಸವಾಯಿತು. ಹವ್ಯಾಸದ ಕೋಳಿಯನ್ನು ಯಾರೂ ಅಡಿಗೆಮನೆಯಲ್ಲಿ ಮಲಗಿಸುವುದಿಲ್ಲ. ಅದು ಎಲ್ಲರಿಗೂ ಕಾಣುವಂತೆ ಹಿತ್ತಿಲಿನಲ್ಲಿರಬೇಕು. ಅಗ್ಗದ, ಹಗುರವಾದ, ಪಾರದರ್ಶಕವಾದ ತಂತಿಬಲೆ ಅದಕ್ಕೆ ಹೇಳಿಮಾಡಿಸಿದಂತಿತ್ತು. ಬಂದವರಿಗೆಲ್ಲ ಗೂಡು ತೋರಿಸುತ್ತಿದ್ದ ನಾನೂ ಆ ಜ್ವರದವನೇ.

ಬಲೆಯ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1901ರಿಂದ 1907ರವರೆಗೆ ಮೊಲಗಳನ್ನು ತಡೆಯಲು ನೂರಾರು ಮೈಲಿ ಬೇಲಿ ಹಾಕಿದವರು ಇಂಥ ತಂತಿಬಲೆಯನ್ನೇ ಬಳಸಿದರು. ಆದರೆ ಮೊಲ ತೋಡುತ್ತದೆಂದು ಅರಿತು, ಬಲೆಯ ಕೆಳಗಿನ ಅಂಚನ್ನು ನೆಲದೊಳಗೆ ಹೂತರು. ನಾನು ನೆಲದ ಮೇಲೆ ನಿಲ್ಲಿಸಿದ್ದೆ. ಕೋಳಿ ತಂತಿಯನ್ನು ಹರಿಯದು, ಅಡಿಯಲ್ಲಿ ತೋಡದು, ಚಿಲಕ ತೆಗೆಯದು. ಕೋಳಿಯ ಶಕ್ತಿಯನ್ನು ಅಳೆದು ನಾನು ಕಟ್ಟಿಸಿದ್ದೆ. ಕೆಲಸದ ಹೆಂಗಸು ಹೇಳಿದ್ದು ಇದನ್ನೇ.

ಒಂಬತ್ತನ್ನೂ ಏಕೆ ಕೊಂದಿತು ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಉತ್ತರ ಸಿಕ್ಕಿದ್ದು ಹಾನ್ಸ್ ಕ್ರುಕ್ ಎಂಬ ಪ್ರಾಣಿಶಾಸ್ತ್ರಜ್ಞ 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ. ಇಂಗ್ಲೆಂಡಿನ ಕಡಲತಡಿಯಲ್ಲಿ ನೆಲದ ಮೇಲೆ ಗೂಡುಕಟ್ಟುವ ಕಡಲಹಕ್ಕಿಗಳ ನಡುವೆ ನರಿ ನುಗ್ಗಿ, ಗಾಢಾಂಧಕಾರದ ರಾತ್ರಿಗಳಲ್ಲಿ, ತಿನ್ನಲಾರದಷ್ಟು ಹಕ್ಕಿಗಳನ್ನು ಕೊಂದು ಹೋಗುವುದನ್ನು ಆತ ಗಮನಿಸಿದ. ಕೊಲ್ಲುವುದೂ ತಿನ್ನುವುದೂ ಬೇಟೆಯ ಪ್ರಾಣಿಯಲ್ಲಿ ಬೇರೆ ಬೇರೆ ಪ್ರವೃತ್ತಿಗಳು. ಸಾಮಾನ್ಯವಾಗಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಹಾರಿಹೋಗುತ್ತವೆ, ಅಲ್ಲಿಗೆ ಬೇಟೆ ಮುಗಿಯುತ್ತದೆ. ಹಾರದೆ, ಓಡದೆ ಎದುರಿಗೇ ಉಳಿದರೆ ಕೊಲ್ಲುವ ಕೈ ನಿಲ್ಲುವುದಿಲ್ಲ. ನನ್ನ ಗೂಡಿನಲ್ಲಿ ನಡೆದದ್ದೂ ಇದೇ ಇರಬೇಕು. ಹಿತ್ತಿಲಿನ ಹಲಸಿನ ಮರದ ಮೇಲಿದ್ದಿದ್ದರೆ ಒಂದೋ ಎರಡೋ ಸಾಯುತ್ತಿದ್ದುವು. ನಾನು ಬಾಗಿಲು ಹಾಕಿ ಚಿಲಕ ಸೇರಿಸಿದ್ದರಿಂದ ಒಂಬತ್ತೂ ಸತ್ತುವು. ಅರೆಭದ್ರವಾದ ಗೂಡು ಗೂಡಿಲ್ಲದ್ದಕ್ಕಿಂತ ಕೆಟ್ಟದ್ದು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಬೆಕ್ಕಿನ ಮೇಲೆ ಸಿಟ್ಟು ಮಾಡಿಕೊಂಡು ಉರುಲು ಒಡ್ಡಿ ಎಂದು ಹೇಳಿದವರೂ ಉಂಟು. ಕಾಡುಬೆಕ್ಕು, ಪುನುಗು, ಮುಂಗುಸಿಗಳೆಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕಾಯ್ದೆ ಇಲ್ಲದಿದ್ದರೂ, ತಪ್ಪು ಅದರದಾಗಿರಲಿಲ್ಲ.

ಶತ್ರುವೇ ಸುಳಿಯದ ಕೋಳಿಮನೆಯನ್ನು ಇಪ್ಪತ್ತನೆಯ ಶತಮಾನ ಕಟ್ಟಿ ತೋರಿಸಿತು, ನಿಜ. ಸಾಲು ಸಾಲು ತಂತಿಪಂಜರ, ಒಂದೊಂದರಲ್ಲಿ ರೆಕ್ಕೆ ಬಿಚ್ಚಲೂ ಎಡೆಯಿಲ್ಲದ ಹೇಂಟೆಗಳು. ಅಂಥ ಬರಿಯ ಪಂಜರಗಳನ್ನು ಯುರೋಪಿನ ಒಕ್ಕೂಟ 2012ರಿಂದ ನಿಷೇಧಿಸಿತು. ಅದು ಬೇರೆಯೇ ಮಾತಿನ ವಿಷಯ.

ಒಂದು ವರ್ಷ ಬಿಟ್ಟು ಮತ್ತೆ ಗೂಡು ಕಟ್ಟಿಸಿದೆ, ಈ ಸಲ ಅಡಿಗೆಮನೆಯ ಗೋಡೆಗೆ ತಾಗಿಸಿ. ನೆಲಕ್ಕೆ ಚಪ್ಪಡಿ ಕಲ್ಲು. ಮೂರಡಿಯವರೆಗೆ ಇಟ್ಟಿಗೆಯ ಗೋಡೆ, ಕೊಲುಮೆಲ್ಲಾನ ಗೌರವಾರ್ಥ ಹೊರಗೆ ನುಣ್ಣನೆಯ ಗಾರೆ. ಅದರ ಮೇಲೆ ಅಂಗಡಿಯವರು ವೆಲ್ಡ್‌ಮೆಶ್ ಎನ್ನುವ, ಬೆಸೆದ ದಪ್ಪ ತಂತಿಯ ಜಾಲರಿ. ಕಣ್ಣು ಅರ್ಧ ಅಂಗುಲ. ಅದನ್ನು ಬರಿಯ ಮೊಳೆಯಿಂದ ಹೊಡೆಯದೆ, ಅಂಚಿನ ಮೇಲೆ ಮರದ ಪಟ್ಟಿಯಿಟ್ಟು ತಿರುಪಿನಿಂದ ಬಿಗಿಸಿದೆವು. ಅದೇ ಜಾಲರಿಯನ್ನು ಗೂಡಿನ ಹೊರಗೆ ಒಂದೂವರೆ ಅಡಿ ಅಗಲಕ್ಕೆ ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿದ್ದೇವೆ. ತೋಡುವ ಪ್ರಾಣಿ ಗೋಡೆಯ ಬುಡದಿಂದಲೇ ಮೊದಲು ಮಾಡುತ್ತದೆ. ಉಗುರಿಗೆ ತಂತಿ ತಾಗಿದರೆ, ಒಂದೂವರೆ ಅಡಿ ಹಿಂದೆ ಸರಿದು ತೋಡಬೇಕೆಂಬ ಬುದ್ಧಿ ಅದಕ್ಕೆ ಹೊಳೆಯುವುದಿಲ್ಲ. ಗಾಳಿಗೆ ಸೂರಿನ ಕೆಳಗೆ, ಕೋಳಿ ಕೂರುವ ಮಟ್ಟಕ್ಕಿಂತ ಮೇಲೆ, ಜಾಲರಿ ಹೊಡೆದ ಕಿಂಡಿಗಳು. ಬಾಗಿಲಿಗೆ ಮೇಲೊಂದು ಕೆಳಗೊಂದು ಅಗುಳಿ. ಹೊತ್ತು ಮುಳುಗಿದರೆ ತಾನಾಗಿ ಮುಚ್ಚಿಕೊಳ್ಳುವ ವಿದ್ಯುತ್ ಬಾಗಿಲುಗಳೂ ಈಗ ಬಂದಿವೆ. ನಾನು ಕೊಳ್ಳಲಿಲ್ಲ. ಹೊರಗೆ ಉಳಿದುಬಿಟ್ಟ ಒಂದು ಹೇಂಟೆಯನ್ನು ಅದು ಎಣಿಸುವುದಿಲ್ಲವಲ್ಲ! ಸಂಜೆ ಆರೂವರೆಗೆ ನುಚ್ಚು ಹಿಡಿದು ನಾನೇ ಹೋಗುತ್ತೇನೆ.

ಕೆಲಸ ಮುಗಿದ ದಿನ ಆ ಹಿರಿಯ ಹೆಂಗಸನ್ನೇ ಕರೆದು, "ನೋಡಮ್ಮ, ಈಗ ಹೇಳು" ಎಂದೆ. ಆಕೆ ಸುತ್ತಿ ಬಂದಳು. ಬಾಗಿಲ ಸಂದಿಗೆ ಬೆರಳಿಟ್ಟು ನೋಡಿದಳು, ನೆಲವನ್ನು ಕಾಲಿನಿಂದ ಒತ್ತಿ ನೋಡಿದಳು. ಬಳಿಕ ಒಂದು ಕಲ್ಲಿನ ಮೇಲೆ ಹತ್ತಿ, ಮಾಡಿನ ತಗಡಿನ ಅಲೆಗೂ ಗೋಡೆಯ ತಲೆಗೂ ನಡುವೆ ಉಳಿದಿದ್ದ ಸಂದಿನಲ್ಲಿ ಮೂರು ಬೆರಳು ತೂರಿಸಿ, "ಇಲ್ಲಿ ಕೇರೆಹಾವು ಬರಾಕಿಲ್ವಾ ಮೇಷ್ಟ್ರೇ?" ಎಂದು ಕೇಳಿದಳು. ಮಾರನೆಯ ದಿನ ಪೇಟೆಗೆ ಹೋಗಿ ಇನ್ನೆರಡು ಗಜ ಜಾಲರಿ ತಂದೆ.